ಉಚಿತ ಅಂತರ್ಜಾಲ ಸಂಪನ್ಮೂಲಗಳಿಂದ ವಿಜ್ಞಾನ, ಗಣಿತ ಕಲಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಬೆಂಗಳೂರಿನ ಒಂದು ಬಡಾವಣೆಯ ಓದುಕೋಣೆಯಲ್ಲಿ, ಭಾನುವಾರದ ಬೆಳಿಗ್ಗೆ, ಎಂಟನೆಯ ತರಗತಿಯಿಂದ ದ್ವಿತೀಯ ಪಿಯುವರೆಗಿನ ಮಕ್ಕಳ ಗಣಿತ ಮತ್ತು ವಿಜ್ಞಾನದ ಸಂದೇಹಗಳನ್ನು ಬಿಡಿಸಿಕೊಡುವ ಕೆಲಸವನ್ನು ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಟ್ಯೂಷನ್ ಶುಲ್ಕ ಕಟ್ಟಲಾರದ ಮನೆಗಳ ಮಕ್ಕಳು. ಅವರ ಕೈಯಲ್ಲಿ ಇರುವುದು ಮನೆಮಂದಿಗೆಲ್ಲ ಸೇರಿ ಒಂದೇ ಮೊಬೈಲು. ಆ ಮಕ್ಕಳೂ ಅವರ ತಂದೆತಾಯಿಗಳೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ.

ಅಂತರ್ಜಾಲದಲ್ಲಿ ಪಾಠಗಳು ಸಾವಿರಾರು ಇವೆ. ಎಲ್ಲಿಂದ ಆರಂಭಿಸಬೇಕು?

ನಿಮ್ಮ ತರಗತಿಯ ಪಠ್ಯಪುಸ್ತಕದಿಂದ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ರಾಜ್ಯದ ಪುಸ್ತಕಗಳೂ, ಎನ್‌ಸಿಇಆರ್‌ಟಿ ಜಾಲತಾಣದಲ್ಲಿ ಅದರ ಪುಸ್ತಕಗಳೂ ಪಿಡಿಎಫ್ ರೂಪದಲ್ಲಿ ಉಚಿತವಾಗಿ ದೊರೆಯುತ್ತವೆ. ಹಲವು ಪಠ್ಯಪುಸ್ತಕಗಳ ಪಾಠದ ಪುಟದಲ್ಲೇ ಒಂದು ಕ್ಯೂಆರ್ ಕೋಡ್ ಇರುತ್ತದೆ. ಅದನ್ನು ಸರ್ಕಾರದ ಉಚಿತ ಕಲಿಕಾ ಆ್ಯಪ್ ಆದ ದೀಕ್ಷಾ ಆ್ಯಪ್‌ನಿಂದ ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೆ ಸಂಬಂಧಿಸಿದ ವಿಡಿಯೊ ಮತ್ತು ಅಭ್ಯಾಸಗಳು ತೆರೆದುಕೊಳ್ಳುತ್ತವೆ. 2017ರಲ್ಲಿ ಆರಂಭವಾದ ಈ ಸೌಲಭ್ಯ ಕೈಯಲ್ಲಿರುವ ಪುಸ್ತಕದೊಳಗೇ ಇದೆ ಎಂಬುದು ಎಷ್ಟೋ ಮಕ್ಕಳಿಗೆ ಗೊತ್ತಿರುವುದಿಲ್ಲ.

ಪುಸ್ತಕವನ್ನು ಬೆನ್ನೆಲುಬಾಗಿ ಇಟ್ಟುಕೊಳ್ಳಬೇಕು ಎಂದು ನಾನು ಒತ್ತಾಯಿಸುವುದಕ್ಕೆ ಕಾರಣವಿದೆ. ವಿಡಿಯೊಗಳನ್ನು ಬಿಡಿಬಿಡಿಯಾಗಿ ನೋಡುವವರಿಗೆ ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮ ತಪ್ಪಿಹೋಗುತ್ತದೆ, ಮತ್ತು ಗಣಿತದಲ್ಲಿ ಕ್ರಮ ತಪ್ಪಿದರೆ ಮುಂದಿನದು ನಿಲ್ಲುವುದೇ ಇಲ್ಲ. ವರ್ಗ ಸಮೀಕರಣ ಬರುವುದಿಲ್ಲವೆಂದು ಅಳುತ್ತಾ ಬಂದ ಹತ್ತನೆಯ ತರಗತಿಯ ಹುಡುಗಿಯೊಬ್ಬಳನ್ನು ಕೂರಿಸಿಕೊಂಡು ನೋಡಿದಾಗ, ಅವಳಿಗೆ ತೊಡಕಾಗಿದ್ದದ್ದು ವರ್ಗ ಸಮೀಕರಣವಲ್ಲ, ಭಿನ್ನರಾಶಿಗಳನ್ನು ಕೂಡುವುದು ಎಂದು ತಿಳಿಯಿತು. ಆರನೆಯ ತರಗತಿಯ ಪುಸ್ತಕವನ್ನು ಮೊಬೈಲಿನಲ್ಲೇ ತೆರೆದು ಎರಡು ವಾರ ಅದನ್ನೇ ಮಾಡಿದೆವು. ಹಿಂದಿನ ತರಗತಿಯ ಪುಸ್ತಕ ತೆರೆಯಲು ನಾಚಿಕೊಳ್ಳಬೇಕಾಗಿಲ್ಲ. ಮನೆಯಲ್ಲಿ ಕುಳಿತು ಕಲಿಯುವಾಗ ಯಾವ ತರಗತಿಯ ಪುಟ ತೆರೆದಿದೆ ಎಂದು ನೋಡುವವರು ಯಾರೂ ಇರುವುದಿಲ್ಲ.

ಕನ್ನಡದಲ್ಲಿ ಏನೇನು ಸಿಗುತ್ತದೆ?

ಇಂಗ್ಲಿಷಿನಷ್ಟು ಇಲ್ಲ, ಆದರೆ ಜನ ಭಾವಿಸಿರುವುದಕ್ಕಿಂತ ಹೆಚ್ಚಿದೆ. ಖಾನ್ ಅಕಾಡೆಮಿ ಎಂಬ ಉಚಿತ ಪಾಠಗಳ ಜಾಲತಾಣದಲ್ಲಿ ಕನ್ನಡದ ಗಣಿತ ಪಾಠಗಳಿವೆ. ಪರದೆಯ ಮೇಲೆಯೇ ಮಾಡಿ ನೋಡುವ ಫೆಟ್ ಎಂಬ ಅನುಕರಣ ಪ್ರಯೋಗಗಳಲ್ಲಿ ಕೆಲವು ಕನ್ನಡಕ್ಕೆ ಬಂದಿವೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಹಲವು ತಂತ್ರಾಂಶಗಳ ಪಾಠಗಳು ಕನ್ನಡ ಧ್ವನಿಯಲ್ಲಿ ದೊರೆಯುತ್ತವೆ. ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸುವ ಅರವಿಂದ ಗುಪ್ತ ಅವರ ಜಾಲತಾಣದಲ್ಲಿ ಕನ್ನಡ ಪುಸ್ತಕಗಳೂ ಇವೆ. 2003ರಿಂದ ಇರುವ ಕನ್ನಡ ವಿಕಿಪೀಡಿಯದ ವಿಜ್ಞಾನ ಲೇಖನಗಳಲ್ಲಿ ಕೆಲವು ಬಹಳ ಚೆನ್ನಾಗಿವೆ, ಕೆಲವು ಎರಡೇ ಸಾಲಿಗೆ ನಿಂತಿವೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಮಾಸಪತ್ರಿಕೆಯ ಹಳೆಯ ಸಂಚಿಕೆಗಳು ಗ್ರಂಥಾಲಯದಲ್ಲಿ ಕೈಗೆ ಸಿಕ್ಕಿದರೆ ಬಿಡಬೇಡಿ.

ಕನ್ನಡ ಮಾಧ್ಯಮದಲ್ಲಿ ಓದಿ ಪಿಯು ವಿಜ್ಞಾನಕ್ಕೆ ಸೇರಿದ್ದೇನೆ. ಎಲ್ಲವೂ ಇಂಗ್ಲಿಷಿನಲ್ಲಿದೆ. ಕಲಿತದ್ದೆಲ್ಲ ವ್ಯರ್ಥವಾಯಿತೆ?

ಖಂಡಿತ ಇಲ್ಲ, ಮತ್ತು ಈ ಪ್ರಶ್ನೆಗೆ ಸ್ವಲ್ಪ ವಿಸ್ತಾರವಾಗಿ ಉತ್ತರಿಸಬೇಕೆಂದಿದ್ದೇನೆ, ಏಕೆಂದರೆ ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಈ ಭಯದಿಂದಲೇ ವಿಜ್ಞಾನವನ್ನು ಬಿಟ್ಟುಹೋಗುವ ಬುದ್ಧಿವಂತ ಮಕ್ಕಳನ್ನು ನಾನು ನೋಡಿದ್ದೇನೆ.

ನೀವು ಕಲಿತ ಕನ್ನಡ ಪದಗಳು ಅರ್ಥವನ್ನು ತಮ್ಮೊಳಗೇ ಇಟ್ಟುಕೊಂಡಿವೆ. ‘ಸಮದ್ವಿಬಾಹು ತ್ರಿಭುಜ’ ಎಂದಾಗ ಎರಡು ಬಾಹುಗಳು ಸಮ ಎಂದು ಆ ಪದವೇ ಹೇಳುತ್ತದೆ. ‘ಐಸೋಸೆಲಿಸ್’ ಎಂಬ ಪದ ಗ್ರೀಕ್ ಬಲ್ಲವರಿಗಲ್ಲದೆ ಬೇರೆಯವರಿಗೆ ಏನನ್ನೂ ಹೇಳುವುದಿಲ್ಲ. ‘ಪತ್ರಹರಿತ್ತು’ ಎಂದರೆ ಎಲೆಯ ಹಸಿರು. ಅದನ್ನೇ ‘ಕ್ಲೋರೊಫಿಲ್’ ಎಂದು ಓದಿದ ಮಗು ಉರುಹೊಡೆಯಬೇಕಾಗುತ್ತದೆ. ‘ಜವ’ ಮತ್ತು ‘ವೇಗ’ ಎಂಬ ಎರಡು ಪದಗಳ ವ್ಯತ್ಯಾಸ, ಅಂದರೆ ದಿಕ್ಕು ಇಲ್ಲದ್ದು ಮತ್ತು ದಿಕ್ಕು ಇರುವಂಥದ್ದು, ನಿಮಗೆ ಒಂಬತ್ತನೆಯ ತರಗತಿಯಲ್ಲೇ ತಿಳಿದಿದ್ದರೆ ‘ಸ್ಪೀಡ್’ ಮತ್ತು ‘ವೆಲಾಸಿಟಿ’ ಎಂಬುವು ಆ ಎರಡಕ್ಕೆ ಅಂಟಿಸಿದ ಹೊಸ ಚೀಟಿಗಳು ಮಾತ್ರ.

ಮಾಡಬೇಕಾದದ್ದು ಇಷ್ಟು. ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಪ್ರತಿ ಪುಟವನ್ನು ಮೂರು ಅಂಕಣವಾಗಿ ಗೆರೆ ಎಳೆದುಕೊಂಡು, ಮೊದಲನೆಯದರಲ್ಲಿ ಇಂಗ್ಲಿಷ್ ಪದ, ಎರಡನೆಯದರಲ್ಲಿ ಕನ್ನಡ ಪದ, ಮೂರನೆಯದರಲ್ಲಿ ಒಂದು ಚಿತ್ರ ಅಥವಾ ಒಂದು ಲೆಕ್ಕ ಬರೆಯಿರಿ. ವೇಗೋತ್ಕರ್ಷ, ಸಂವೇಗ, ವಿಭವಾಂತರ, ಸದಿಶ, ಅವಕಲನ ಎಂದು ಬರೆಯುತ್ತಾ ಹೋದರೆ ಮೊದಲ ಎರಡು ತಿಂಗಳಲ್ಲೇ ಬೇಕಾದ ಪದಗಳಲ್ಲಿ ಬಹುಪಾಲು ಮುಗಿಯುತ್ತವೆ. ಯಾವುದೇ ಹೊಸ ವಿಷಯವನ್ನು ಮೊದಲು ಕನ್ನಡ ಪುಸ್ತಕದಲ್ಲಿ ಓದಿ, ಆಮೇಲೆ ಅದೇ ವಿಷಯದ ಇಂಗ್ಲಿಷ್ ವಿಡಿಯೊವನ್ನು ಅಕ್ಷರಗಳು ಪರದೆಯ ಮೇಲೆ ಬರುವಂತೆ ಇಟ್ಟುಕೊಂಡು ನಿಧಾನ ವೇಗದಲ್ಲಿ ನೋಡಿ. ವಿಷಯ ಮೊದಲೇ ಗೊತ್ತಿರುವಾಗ ಭಾಷೆ ತಾನಾಗಿ ಹಿಡಿತಕ್ಕೆ ಬರುತ್ತದೆ. ವಿಷಯ ಮತ್ತು ಭಾಷೆ ಎರಡೂ ಹೊಸತಾಗಿರುವಾಗ ಎರಡೂ ಕೈಗೆ ಸಿಗುವುದಿಲ್ಲ.

ವಿಡಿಯೊ ನೋಡುವಾಗ ಎಲ್ಲವೂ ಅರ್ಥವಾಗುತ್ತದೆ. ಆದರೆ ಲೆಕ್ಕ ಮಾಡಲು ಕುಳಿತರೆ ಒಂದೂ ಬರುವುದಿಲ್ಲ. ಏಕೆ?

ನನಗೆ ಅತಿ ಹೆಚ್ಚು ಬಾರಿ ಬಂದಿರುವ ಪ್ರಶ್ನೆ ಇದು. ಒಳ್ಳೆಯ ಶಿಕ್ಷಕರು ಹಲಗೆಯ ಮೇಲೆ ಒಂದು ಲೆಕ್ಕ ಬಿಡಿಸುವಾಗ ಪ್ರತಿ ಹೆಜ್ಜೆಯೂ ಸಹಜವಾಗಿ ಕಾಣುತ್ತದೆ, ಮತ್ತು ನಾವು ತಲೆದೂಗುತ್ತೇವೆ. ಆದರೆ ಹೆಜ್ಜೆ ಸರಿಯಾಗಿದೆಯೆಂದು ಒಪ್ಪಿಕೊಳ್ಳುವುದು ಒಂದು ಕೆಲಸ, ಇದೇ ಹೆಜ್ಜೆ ಇಡಬೇಕೆಂದು ತಾನಾಗಿ ಕಂಡುಕೊಳ್ಳುವುದು ಬೇರೆಯೇ ಕೆಲಸ. ವಿಡಿಯೊ ನೋಡುವಾಗ ಎರಡನೆಯದನ್ನು ಆ ಶಿಕ್ಷಕರು ಮಾಡುತ್ತಿರುತ್ತಾರೆ, ನಾವಲ್ಲ. ಸಂಗೀತ ಕಛೇರಿ ಎಷ್ಟು ಕೇಳಿದರೂ ಸರಳೆ ವರಸೆ ಹಾಡದವನಿಗೆ ಸ್ವರ ನಿಲ್ಲುವುದಿಲ್ಲ ಎಂಬುದನ್ನು ಬಸವನಗುಡಿಯ ಮಕ್ಕಳಿಗೆ ನಾನು ವಿವರಿಸಬೇಕಾಗಿಲ್ಲ.

ನಾನು ಸೂಚಿಸುವ ಕ್ರಮ ಹೀಗಿದೆ. ವಿಡಿಯೊದಲ್ಲಿ ಲೆಕ್ಕವನ್ನು ಓದಿದ ಕೂಡಲೇ ನಿಲ್ಲಿಸಿ, ಮೊಬೈಲನ್ನು ಮಗುಚಿ ಇಟ್ಟು, ಹತ್ತು ನಿಮಿಷ ಪೆನ್ನು ಕಾಗದ ಹಿಡಿದು ನೀವೇ ಪ್ರಯತ್ನಿಸಿ. ಬರದಿದ್ದರೂ ಚಿಂತೆಯಿಲ್ಲ, ಎಲ್ಲಿ ನಿಂತಿತು ಎಂಬುದಕ್ಕೆ ಒಂದು ಗುರುತು ಹಾಕಿ. ಈಗ ವಿಡಿಯೊ ಮುಂದುವರಿಸಿ ಆ ಗುರುತಿನವರೆಗೆ ಮಾತ್ರ ನೋಡಿ, ಮತ್ತೆ ನಿಲ್ಲಿಸಿ, ಉಳಿದದ್ದನ್ನು ನೀವೇ ಮುಗಿಸಿ. ಮಾರನೆಯ ದಿನ ಅದೇ ಲೆಕ್ಕವನ್ನು ಯಾವುದನ್ನೂ ನೋಡದೆ ಖಾಲಿ ಹಾಳೆಯ ಮೇಲೆ ಮಾಡಿ. ಹೀಗೆ ಹನ್ನೆರಡು ನಿಮಿಷದ ವಿಡಿಯೊಗೆ ಒಂದು ಗಂಟೆ ಹಿಡಿಯುತ್ತದೆ. ಆ ಒಂದು ಗಂಟೆಯನ್ನು ಕೊಡದವರು ದಿನಕ್ಕೆ ಐದು ವಿಡಿಯೊ ನೋಡಿಯೂ ಪರೀಕ್ಷೆಯಲ್ಲಿ ಖಾಲಿ ಕೂರುವುದನ್ನು ಕಂಡಿದ್ದೇನೆ.

ಖಾನ್ ಅಕಾಡೆಮಿಯ ನಿಜವಾದ ಬೆಲೆ ಅದರ ವಿಡಿಯೊಗಳಲ್ಲಿ ಇಲ್ಲ, ಅಭ್ಯಾಸದ ಲೆಕ್ಕಗಳಲ್ಲಿ ಇದೆ ಎಂಬುದು ನನ್ನ ಅಭಿಪ್ರಾಯ. ಉತ್ತರ ತಪ್ಪಿದ ತಕ್ಷಣ ತಿಳಿಯುತ್ತದೆ, ಸುಳಿವು ಒಂದೊಂದೇ ಹೆಜ್ಜೆಯಾಗಿ ತೆರೆಯುತ್ತದೆ. ಸುಳಿವುಗಳನ್ನೆಲ್ಲ ಒಮ್ಮೆಲೇ ಒತ್ತಿಬಿಡುವ ಅಭ್ಯಾಸವನ್ನು ಮಾತ್ರ ಬಿಡಬೇಕು.

ಮಗ ಮೊಬೈಲಿನಲ್ಲಿ ಓದುತ್ತಿದ್ದಾನೋ ಆಟ ಆಡುತ್ತಿದ್ದಾನೋ ತಿಳಿಯುವುದು ಹೇಗೆ?

ಮೊಬೈಲನ್ನು ನೋಡಬೇಡಿ, ನೋಟ್‌ಬುಕ್ಕನ್ನು ನೋಡಿ. ಒಂದು ಗಂಟೆ ಓದಿದ ಮಗುವಿನ ಬಳಿ ಒಂದು ಪುಟವಾದರೂ ಬರೆದದ್ದು ಇರಬೇಕು. ನಿಮಗೆ ವಿಷಯ ತಿಳಿಯದಿದ್ದರೂ ಪರವಾಗಿಲ್ಲ. “ಇದನ್ನು ನನಗೆ ಹೇಳಿಕೊಡು” ಎಂದು ಕೇಳಿ, ಐದು ನಿಮಿಷ ತಾಳ್ಮೆಯಿಂದ ಕೇಳಿಸಿಕೊಳ್ಳಿ. ಕೈಯಲ್ಲಿ ಸೊಪ್ಪು ಬಿಡಿಸುತ್ತಾ ಹೀಗೆ ಕೇಳಿದ ತಾಯಿಯೊಬ್ಬರ ಮಗಳು ರೇಖಾಗಣಿತದ ಪ್ರಮೇಯಗಳನ್ನು ಒಂದೂ ತಪ್ಪಿಲ್ಲದೆ ಹೇಳುವಂತಾದಳು.

ಪ್ರಯೋಗಶಾಲೆ ಇಲ್ಲದೆ ವಿಜ್ಞಾನ ಕಲಿಯಲು ಸಾಧ್ಯವೆ?

ಪೂರ್ತಿಯಾಗಿ ಸಾಧ್ಯವಿಲ್ಲ, ಆದರೆ ಮನೆಯಲ್ಲೇ ಮಾಡಬಹುದಾದದ್ದು ಬಹಳವಿದೆ. ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ ಅವರು 2002ರಲ್ಲಿ ಆರಂಭಿಸಿದ ಫೆಟ್ ಯೋಜನೆಯಲ್ಲಿ ವಿದ್ಯುತ್ ಮಂಡಲ ಕಟ್ಟಬಹುದು, ಬಲ್ಬಿನ ಜಾಗಕ್ಕೆ ರೋಧಕ ಹಾಕಬಹುದು, ತಂತಿ ಸುಡುವ ಭಯವಿಲ್ಲದೆ ತಪ್ಪು ಜೋಡಣೆ ಮಾಡಿ ನೋಡಬಹುದು. ಜರ್ಮನಿಯ ಆಹೆನ್ ನಗರದ ವಿಶ್ವವಿದ್ಯಾಲಯ ರೂಪಿಸಿದ ಫೈಫಾಕ್ಸ್ ಆ್ಯಪ್ ಮೊಬೈಲಿನೊಳಗಿರುವ ಸಂವೇದಕಗಳನ್ನೇ ಅಳತೆಯ ಉಪಕರಣಗಳನ್ನಾಗಿ ಮಾಡಿಕೊಡುತ್ತದೆ. ಲಿಫ್ಟಿನಲ್ಲಿ ಹೋಗುವಾಗಲೋ ಮೆಟ್ರೊ ರೈಲು ಹೊರಡುವಾಗಲೋ ವೇಗೋತ್ಕರ್ಷದ ನಕ್ಷೆ ಕಣ್ಣೆದುರಿಗೇ ಮೂಡುತ್ತದೆ.

ಆದರೂ ಪರದೆಯ ಹೊರಗಿನ ಅಳತೆಯೇ ನನಗೆ ಹೆಚ್ಚು ಮುಖ್ಯ. ದಾರಕ್ಕೆ ಒಂದು ಬೀಗ ಕಟ್ಟಿ, ಬಾಗಿಲ ಚೌಕಟ್ಟಿನ ಮೊಳೆಯಿಂದ ಬೀಗದ ನಡುವಿನವರೆಗೆ ಒಂದು ಮೀಟರ್ ಉದ್ದವಿರುವಂತೆ ತೂಗುಹಾಕಿ, ಸಣ್ಣದಾಗಿ ತೂಗಿಬಿಟ್ಟು ಇಪ್ಪತ್ತು ಆಂದೋಲನಗಳಿಗೆ ಹಿಡಿಯುವ ಕಾಲವನ್ನು ಅಳೆಯಿರಿ. ಸುಮಾರು 40 ಸೆಕೆಂಡು ಬರಬೇಕು. ದಾರವನ್ನು 25 ಸೆಂಟಿಮೀಟರ್‌ಗೆ ಇಳಿಸಿದರೆ ಸುಮಾರು 20 ಸೆಕೆಂಡು. ಉದ್ದ ಕಾಲುಭಾಗವಾದಾಗ ಕಾಲ ಅರ್ಧವಾಗುವುದನ್ನು ಕೈಯಾರೆ ಕಂಡ ಮಗುವಿಗೆ ಸೂತ್ರದಲ್ಲಿರುವ ವರ್ಗಮೂಲ ಏಕೆ ಬಂತು ಎಂದು ಬೇರೆ ಯಾರೂ ಹೇಳಬೇಕಾಗುವುದಿಲ್ಲ.

ಬೆಂಗಳೂರಿನಲ್ಲಿರುವವರು ಮಾಡಲೇಬೇಕಾದ ಎರಡು ಅಳತೆಗಳಿವೆ. ಮೊದಲನೆಯದು, ಕುದಿಯುವ ನೀರಿನ ತಾಪ. ವಿಡಿಯೊಗಳೆಲ್ಲ 100 ಡಿಗ್ರಿ ಎನ್ನುತ್ತವೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ನಮ್ಮೂರಿನಲ್ಲಿ ವಾಯುವಿನ ಒತ್ತಡ ಕಡಿಮೆಯಿರುವುದರಿಂದ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ನಾನು ಓದುತ್ತಿದ್ದಾಗ ನನ್ನ ಉಷ್ಣತಾಮಾಪಕ 97 ತೋರಿಸಿತ್ತು, ನಾನು ಹೆದರಿ ದಾಖಲೆ ಪುಸ್ತಕದಲ್ಲಿ 100 ಎಂದು ಬರೆದೆ, ಅದಕ್ಕೆ ಪೂರ್ಣ ಅಂಕವೂ ಬಂತು. ಕಂಡದ್ದನ್ನು ಕಂಡ ಹಾಗೆ ಬರೆಯಬೇಕೆಂದು ಅಂದು ಯಾರಾದರೂ ಹೇಳಿದ್ದರೆ ಒತ್ತಡಕ್ಕೂ ಕುದಿಬಿಂದುವಿಗೂ ಇರುವ ಸಂಬಂಧ ನನಗೆ ಆ ಮಧ್ಯಾಹ್ನವೇ ತಿಳಿಯುತ್ತಿತ್ತು ಎಂಬ ನೋವು ಈಗಲೂ ಇದೆ. ಈ ಅಳತೆಯನ್ನು ದೊಡ್ಡವರ ಜೊತೆಯಲ್ಲಿಯೇ ಮಾಡಿ. ಜ್ವರ ನೋಡುವ ಥರ್ಮಾಮೀಟರನ್ನು ಕುದಿಯುವ ನೀರಿಗೆ ಎಂದಿಗೂ ಹಾಕಬಾರದು, ಅದು ಒಡೆಯುತ್ತದೆ.

ಎರಡನೆಯದು, ಶೂನ್ಯ ನೆರಳಿನ ದಿನ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಬೆಂಗಳೂರಿನ ನೆತ್ತಿಯ ಮೇಲೆಯೇ ಸೂರ್ಯ ಬರುತ್ತಾನೆ, ನೆಟ್ಟಗೆ ನಿಂತ ಕೋಲಿಗೆ ನೆರಳು ಇರುವುದಿಲ್ಲ. ಏಪ್ರಿಲ್‌ನಲ್ಲಿ ಅದು ನಡೆಯುವುದು ಸುಮಾರು 12 ಗಂಟೆ 17 ನಿಮಿಷಕ್ಕೆ. ಸರಿಯಾಗಿ 12ಕ್ಕೆ ಏಕಲ್ಲ ಎಂದು ಮಕ್ಕಳು ಕೇಳುತ್ತಾರೆ, ಕೇಳಲೇಬೇಕು. ದೇಶಕ್ಕೆಲ್ಲ ಒಂದೇ ಆದ ನಮ್ಮ ಗಡಿಯಾರದ ಸಮಯ 82.5 ಡಿಗ್ರಿ ರೇಖಾಂಶದ್ದು, ಬೆಂಗಳೂರು ಇರುವುದು ಸುಮಾರು 77.6 ಡಿಗ್ರಿಯಲ್ಲಿ, ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಸುಮಾರು 20 ನಿಮಿಷ ತಡ. ಉಳಿದ ಎರಡು ಮೂರು ನಿಮಿಷದ ವ್ಯತ್ಯಾಸ ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲದಿರುವುದರಿಂದಲೂ ಅದರ ಅಕ್ಷ ಓರೆಯಾಗಿರುವುದರಿಂದಲೂ ಬರುತ್ತದೆ. ಸ್ಟೆಲೇರಿಯಂ ಎಂಬ ಉಚಿತ ತಂತ್ರಾಂಶದಲ್ಲಿ ಬೆಂಗಳೂರನ್ನು ಆರಿಸಿಕೊಂಡು ಹಿಂದಿನ ರಾತ್ರಿಯೇ ಇದನ್ನು ಪರಿಶೀಲಿಸಿ, ಮರುದಿನ ಮಹಡಿಯ ಮೇಲೆ ಕೋಲು ನೆಟ್ಟು ನೋಡಬಹುದು.

ಪದವಿ ಮಟ್ಟದ ವಿಷಯಗಳಿಗೆ ಯಾವುದು ಒಳ್ಳೆಯದು?

ಏಳು ಐಐಟಿಗಳು ಮತ್ತು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್‌ನಲ್ಲಿ ಉಪನ್ಯಾಸಗಳೆಲ್ಲ ಉಚಿತ. ಆಯ್ದ ಕೋರ್ಸುಗಳಿಗೆ ಕನ್ನಡ ಅನುವಾದವೂ ಇದೆ. ಎಂಐಟಿಯ ಓಪನ್ ಕೋರ್ಸ್‌ವೇರ್‌ನಲ್ಲಿ ಉಪನ್ಯಾಸದ ಜೊತೆಗೆ ಮನೆಗೆಲಸ, ಪರೀಕ್ಷೆ, ಹಲವೆಡೆ ಉತ್ತರಗಳೂ ಇರುವುದರಿಂದ ಒಬ್ಬರೇ ಕಲಿಯುವವರಿಗೆ ಅದು ಅನುಕೂಲ. ರೇಖೀಯ ಬೀಜಗಣಿತಕ್ಕೆ ಗಿಲ್ಬರ್ಟ್ ಸ್ಟ್ರಾಂಗ್ ಅವರ ಪಾಠಗಳನ್ನು ಅಲ್ಲಿ ನೋಡಿ. ಪಠ್ಯಪುಸ್ತಕ ಕೊಳ್ಳಲಾಗದವರಿಗೆ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಇದೆ. ಕಲನಶಾಸ್ತ್ರದ ಚಿತ್ರ ಮನಸ್ಸಿನಲ್ಲಿ ಮೂಡಬೇಕಾದರೆ ಗ್ರಾಂಟ್ ಸ್ಯಾಂಡರ್ಸನ್ ಅವರ ತ್ರೀಬ್ಲೂಒನ್‌ಬ್ರೌನ್ ಚಾನೆಲ್ಲನ್ನು ಮೀರಿಸಿದ್ದನ್ನು ನಾನು ನೋಡಿಲ್ಲ, ಆದರೆ ಅದು ಲೆಕ್ಕ ಮಾಡುವ ಅಭ್ಯಾಸದ ಬದಲಿಗೆ ಅಲ್ಲ.

ಊರಿನದೇ ಒಂದು ನಿಧಿಯನ್ನು ಪ್ರತ್ಯೇಕವಾಗಿ ಹೇಳಬೇಕು. ಸಿ. ವಿ. ರಾಮನ್ ಅವರು 1934ರಲ್ಲಿ ಸ್ಥಾಪಿಸಿದ, ಬೆಂಗಳೂರಿನಲ್ಲಿರುವ ಭಾರತೀಯ ವಿಜ್ಞಾನ ಅಕಾಡೆಮಿ 1996ರಿಂದ ಪ್ರಕಟಿಸುತ್ತಿರುವ ‘ರೆಸೊನೆನ್ಸ್’ ಪತ್ರಿಕೆಯ ಹಿಂದಿನ ಸಂಚಿಕೆಗಳನ್ನು ಅಕಾಡೆಮಿಯ ಜಾಲತಾಣದಲ್ಲಿ ಉಚಿತವಾಗಿ ಓದಬಹುದು. ಪದವಿ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಲೇಖನಗಳವು. ತಿಂಗಳಿಗೆ ಒಂದನ್ನು ಪೂರ್ತಿ ಅರ್ಥಮಾಡಿಕೊಂಡರೂ ಸಾಕು.

ಪ್ರಮಾಣಪತ್ರ ಸಿಗುತ್ತದೆಯೆ?

ಎನ್‌ಪಿಟಿಇಎಲ್ ಮತ್ತು ಕೇಂದ್ರ ಸರ್ಕಾರದ ‘ಸ್ವಯಂ’ ಜಾಲತಾಣದ ಕೋರ್ಸುಗಳಲ್ಲಿ ಪಾಠ ಉಚಿತ, ಪ್ರಮಾಣಪತ್ರಕ್ಕೆ ಶುಲ್ಕ ಕಟ್ಟಿ ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯಬೇಕು. ಕಲಿಕೆಗೆ ಅದು ಬೇಕಾಗಿಲ್ಲ.

ಸಿಇಟಿ, ಜೆಇಇ, ನೀಟ್ ಪರೀಕ್ಷೆಗಳಿಗೆ ಇಷ್ಟೇ ಸಾಕೆ?

ಸಿಇಟಿಗೆ, ಶ್ರದ್ಧೆಯಿಂದ ಓದುವವರಿಗೆ, ಸಾಕು ಎಂದೇ ನನ್ನ ಅನುಭವ. ಪಿಯು ಪುಸ್ತಕವನ್ನು ಪ್ರತಿ ಸಾಲೂ ಓದಿ, ಅಭ್ಯಾಸಗಳನ್ನೆಲ್ಲ ಮಾಡಿ, ಹಳೆಯ ಪ್ರಶ್ನೆಪತ್ರಿಕೆಗಳನ್ನು ಇಳಿಸಿಕೊಂಡು ಗಡಿಯಾರ ಎದುರಿಗಿಟ್ಟು ಬಿಡಿಸಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಪ್ರತಿಯೊಂದಕ್ಕೂ 80 ನಿಮಿಷಗಳಲ್ಲಿ 60 ಪ್ರಶ್ನೆಗಳು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವುದನ್ನೂ ಖಾಲಿ ಬಿಡಬಾರದು. ಜೆಇಇ ಮತ್ತು ನೀಟ್‌ಗೆ ಕೇಂದ್ರ ಸರ್ಕಾರದ ನೆರವಿನಿಂದ ಐಐಟಿ ಕಾನ್ಪುರ ನಡೆಸುವ ಸಾಥಿ ಎಂಬ ಉಚಿತ ವೇದಿಕೆ ಇದೆ. ಈ ಪರೀಕ್ಷೆಗಳಲ್ಲಿ ಸ್ಪರ್ಧೆ ಕಠಿಣವಾದದ್ದರಿಂದ ಸಂದೇಹ ಕೇಳಲು ಒಬ್ಬ ಜೀವಂತ ಶಿಕ್ಷಕರೂ, ಜೊತೆಗೆ ಓದುವ ಇಬ್ಬರು ಗೆಳೆಯರೂ ಬೇಕೇ ಬೇಕು.

ಅಂತರ್ಜಾಲದಲ್ಲಿ ತಪ್ಪು ಇರುವುದನ್ನು ಗುರುತಿಸುವುದು ಹೇಗೆ?

ವಿಮಾನ ಹೇಗೆ ಹಾರುತ್ತದೆ ಎಂದು ಹುಡುಕಿ ನೋಡಿ. ರೆಕ್ಕೆಯ ಮೇಲ್ಭಾಗ ಹೆಚ್ಚು ಉಬ್ಬಿರುವುದರಿಂದ ಮೇಲಿನ ಗಾಳಿ ಹೆಚ್ಚು ದೂರ ಹೋಗಬೇಕು, ಕೆಳಗಿನ ಗಾಳಿಯನ್ನು ಹಿಂಬದಿಯಲ್ಲಿ ಅದೇ ಹೊತ್ತಿಗೆ ಸೇರಬೇಕು, ಆದ್ದರಿಂದ ವೇಗವಾಗಿ ಹರಿಯುತ್ತದೆ ಎಂಬ ವಿವರಣೆ ಎಷ್ಟೋ ಕಡೆ ಸಿಗುತ್ತದೆ. ಎರಡೂ ಒಂದೇ ಹೊತ್ತಿಗೆ ಸೇರಬೇಕೆಂಬ ನಿಯಮ ಎಲ್ಲೂ ಇಲ್ಲ. ವಾಸ್ತವದಲ್ಲಿ ಮೇಲಿನ ಗಾಳಿ ಮೊದಲೇ ತಲುಪುತ್ತದೆ. ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ವಿಮಾನಗಳು ತಲೆಕೆಳಗಾಗಿ ಹಾರುವುದನ್ನು ಕಂಡ ಬೆಂಗಳೂರಿನ ಮಗು ಈ ವಿವರಣೆಯನ್ನು ತಾನೇ ಪ್ರಶ್ನಿಸಬಹುದು.

ಗಣಿತದಲ್ಲಿ ಪರೀಕ್ಷೆ ಇನ್ನೂ ಸುಲಭ: ಸೂತ್ರದಲ್ಲಿ ಸಂಖ್ಯೆ ಹಾಕಿ ನೋಡಿ. 3 ಮತ್ತು 4ರ ಮೊತ್ತದ ವರ್ಗ 49. ಅವುಗಳ ವರ್ಗಗಳ ಮೊತ್ತ 25. ಎರಡೂ ಒಂದೇ ಎಂದು ಬರೆಯುವ ಕೈಯನ್ನು ಇದೊಂದೇ ಸಾಲು ತಡೆಯುತ್ತದೆ. ಭೌತಶಾಸ್ತ್ರದಲ್ಲಿ ಏಕಮಾನಗಳನ್ನು ನೋಡಿ. ಎಡಬದಿ ಮೀಟರ್, ಬಲಬದಿ ಸೆಕೆಂಡು ಬಂದರೆ ಸೂತ್ರ ಎಲ್ಲೋ ತಪ್ಪಿದೆ.

ಎಐ ಚಾಟ್‌ಬಾಟ್‌ಗಳನ್ನು ಕೇಳಬಹುದೆ?

ನೀವು ಪ್ರಯತ್ನಿಸಿದ ಮೇಲೆ ಕೇಳಬಹುದು. ಅವು ತಪ್ಪು ಉತ್ತರವನ್ನೂ ಸರಿಯಾದದ್ದರಷ್ಟೇ ಧೈರ್ಯದಿಂದ ಹೇಳುತ್ತವೆ, ಆದ್ದರಿಂದ ಮೇಲೆ ಹೇಳಿದ ಪರೀಕ್ಷೆಗಳೆಲ್ಲ ಅವಕ್ಕೂ ಅನ್ವಯಿಸುತ್ತವೆ. “ಉತ್ತರ ಕೊಡಬೇಡ, ನನ್ನ ಮೂರನೆಯ ಹೆಜ್ಜೆಯಲ್ಲಿ ತಪ್ಪೇನು ಎಂದು ಮಾತ್ರ ಹೇಳು” ಎಂದು ಕೇಳುವುದು ಒಳ್ಳೆಯ ಬಳಕೆ. ಮನೆಗೆಲಸದ ಫೋಟೊ ತೆಗೆದು ಉತ್ತರ ನಕಲು ಮಾಡುವುದರಿಂದ ಮಗುವಿಗೆ ಆಗುವ ನಷ್ಟ ದೊಡ್ಡದು. ಆ ದಿನದ ಯೋಚನೆ ಅವನ ತಲೆಯಲ್ಲಿ ನಡೆಯಲೇ ಇಲ್ಲ.

ಮನೆಯಲ್ಲಿ ಡೇಟಾ ಬೇಗ ಮುಗಿಯುತ್ತದೆ. ಏನು ಮಾಡಬೇಕು?

ಪುಸ್ತಕ, ಪಿಡಿಎಫ್ ಮತ್ತು ಅಭ್ಯಾಸಗಳಿಗೆ ಬೇಕಾಗುವ ಡೇಟಾ ಅತ್ಯಲ್ಪ, ನುಂಗುವುದು ವಿಡಿಯೊ. ಗುಣಮಟ್ಟವನ್ನು 360ಕ್ಕೆ ಇಳಿಸಿದರೂ ಹಲಗೆಯ ಬರಹ ಓದಲು ತೊಂದರೆಯಾಗುವುದಿಲ್ಲ. ಫೆಟ್ ಪ್ರಯೋಗಗಳನ್ನು ಇಳಿಸಿಕೊಂಡರೆ ಸಂಪರ್ಕವಿಲ್ಲದೆಯೂ ನಡೆಯುತ್ತವೆ. ಕಿವಿಕ್ಸ್ ಎಂಬ ಉಚಿತ ತಂತ್ರಾಂಶದಿಂದ ವಿಕಿಪೀಡಿಯವನ್ನೇ ಫೋನಿನಲ್ಲಿ ಇಟ್ಟುಕೊಳ್ಳಬಹುದು.

ನನಗೆ ನಲವತ್ತೈದು ವರ್ಷ. ಶಾಲೆಯಲ್ಲಿ ಗಣಿತ ಬಿಟ್ಟವನು. ಈಗ ಆರಂಭಿಸಬಹುದೆ?

ಖಂಡಿತ. ಪರೀಕ್ಷೆಯ ಒತ್ತಡವಿಲ್ಲದ್ದು ನಿಮಗಿರುವ ದೊಡ್ಡ ಅನುಕೂಲ. ಏಳನೆಯ ತರಗತಿಯ ಪುಸ್ತಕದಿಂದ ಆರಂಭಿಸಿ, ದಿನಕ್ಕೆ ಅರ್ಧ ಗಂಟೆಯಂತೆ, ಅಭ್ಯಾಸ ಬಿಡದೆ ಮಾಡಿ. ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ನಡೆಸುವ ಒಬ್ಬರು ಹೀಗೆ ತ್ರಿಕೋನಮಿತಿಯವರೆಗೆ ಬಂದರು. ಇಪ್ಪತ್ತು ವರ್ಷ ಕೋಷ್ಟಕ ನೋಡಿ ಹಾಕುತ್ತಿದ್ದ ಓರೆಯ ಕೋನವನ್ನು ಅವರೇ ಲೆಕ್ಕ ಹಾಕಿ ತೋರಿಸಿದ ದಿನ ನಮ್ಮ ಓದುಕೋಣೆಯ ಮಕ್ಕಳೆಲ್ಲ ಅವರ ಸುತ್ತ ನಿಂತಿದ್ದರು.

ಸಂದೇಹ ಬಂದರೆ ಬೆಂಗಳೂರಿನಲ್ಲಿ ಯಾರನ್ನು ಕೇಳುವುದು?

ಮೊದಲು ನಿಮ್ಮ ಶಾಲೆಯ ಶಿಕ್ಷಕರನ್ನು. “ಈ ಪಾಠ ಅರ್ಥವಾಗಲಿಲ್ಲ” ಎಂದರೆ ಅವರಿಗೂ ಎಲ್ಲಿಂದ ಹೇಳಬೇಕೆಂದು ತಿಳಿಯುವುದಿಲ್ಲ; ನೋಟ್‌ಬುಕ್ ತೆರೆದು “ಇಲ್ಲಿಯವರೆಗೆ ಬಂತು, ಈ ಸಾಲಿನಿಂದ ಮುಂದೆ ಹೋಗಲಿಲ್ಲ” ಎಂದು ತೋರಿಸಿದರೆ ಎಂಥ ಆತುರದಲ್ಲಿದ್ದರೂ ಎರಡು ನಿಮಿಷ ನಿಲ್ಲುತ್ತಾರೆ. ಪದವಿ ವಿದ್ಯಾರ್ಥಿಗಳು ಜವಾಹರಲಾಲ್ ನೆಹರು ತಾರಾಲಯದ ಭೌತಶಾಸ್ತ್ರದ ವಾರಾಂತ್ಯದ ತರಗತಿಗಳನ್ನು ವಿಚಾರಿಸಬಹುದು. ಹೆಸರಘಟ್ಟದ ಕಡೆಯಲ್ಲಿರುವ ಐಸಿಟಿಎಸ್ ಎಂಬ ಸೈದ್ಧಾಂತಿಕ ವಿಜ್ಞಾನಗಳ ಸಂಶೋಧನಾ ಸಂಸ್ಥೆ ಸಾರ್ವಜನಿಕರಿಗಾಗಿ ‘ಕಾಪಿ ವಿತ್ ಕ್ಯೂರಿಯಾಸಿಟಿ’ ಎಂಬ ಉಪನ್ಯಾಸ ಮಾಲೆ ನಡೆಸುತ್ತದೆ. ಅವುಗಳ ವಿಡಿಯೊಗಳು ಯೂಟ್ಯೂಬಿನಲ್ಲೂ ಇವೆ, ಆದರೆ ಸಭಾಂಗಣಕ್ಕೆ ಹೋದರೆ ವಿಜ್ಞಾನಿಗಳನ್ನೇ ಪ್ರಶ್ನೆ ಕೇಳಬಹುದು. ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಮ್ಮೆ ತನ್ನ ಪ್ರಯೋಗಾಲಯಗಳನ್ನು ಸಾರ್ವಜನಿಕರಿಗೆ ತೆರೆಯುತ್ತದೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಸನ್ನೆ, ರಾಟೆ, ಹಲ್ಲಿನ ಚಕ್ರಗಳನ್ನು ಕೈಯಿಂದ ತಿರುಗಿಸಿ ನೋಡಬಹುದು. ಎಲ್ಲಿಗೆ ಹೋದರೂ ನೋಟ್‌ಬುಕ್ ಜೊತೆಯಲ್ಲಿರಲಿ, ನಿಂತುಹೋದ ಸಾಲಿನ ಪಕ್ಕ ಗುರುತು ಇರಲಿ.